ನಮ್ಮ ಮನೆಯವರು ನಿಲ್ಲಿಸದ ಸ್ಟಾಪು

ನಮ್ಮ ಮನೆಯವರು ಇಪ್ಪತ್ತಾರು ವರ್ಷ ಹದಿನೇಳನೇ ನಂಬರ್ ಬಸ್ಸು ಓಡಿಸಿದವರು. ರಜದ ದಿನ ತರಕಾರಿ ತರಲು ನಮ್ಮ ಜೊತೆ ನಡೆದು ಹೊರಟರೂ ಬಸ್ ಸ್ಟಾಪು ಬಂದ ಕೂಡಲೇ ಅವರ ಕಾಲು ತಾನಾಗಿ ನಿಲ್ಲುತ್ತಿತ್ತು. ನಾನೂ ಮಕ್ಕಳೂ ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದರೆ ಇವರು ಕಂಬದ ಪಕ್ಕ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣು ಹಾಯಿಸಿ, ಹತ್ತುವವರು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಹೊರಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ಇವರಿಗೆ ಮಂಡಿನೋವು ಇರಬೇಕು ಅಂದುಕೊಂಡು ನಾನು ಎಣ್ಣೆ ಕಾಯಿಸಿ ಕೊಟ್ಟಿದ್ದೆ. ಏಕೆ, ಏನು ಎಂದು ಒಂದು ಮಾತೂ ಕೇಳದೆ ಹಚ್ಚಿಕೊಂಡರು, ಪುಣ್ಯಾತ್ಮ.

ದೇಶಕ್ಕೆ ದೇಶವೇ ಕುದಿಯುತ್ತಿದ್ದ ಆ ಬೇಸಿಗೆಯಲ್ಲಿ ಈ ಕಾಲು ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ನಾನು ಹೇಳಲೇಬೇಕು. ಬೇರೆ ಯಾರಾದರೂ ಹೇಳಿದರೆ ಇವರನ್ನು ದೊಡ್ಡ ಧೀರ ಮಾಡಿಬಿಡುತ್ತಾರೆ. ನಾನು ಕಟ್ಟಿಕೊಂಡವಳು, ನನಗೆ ಗೊತ್ತಿದೆ.

ಆ ಬೇಸಿಗೆಯಲ್ಲಿ ಮಂತ್ರಿಮಂಡಲ ಮೂರು ಸಲ ಬಿತ್ತು, ಎರಡು ಸಲ ಎದ್ದಿತು. ರೇಡಿಯೋದಲ್ಲಿ ಸುದ್ದಿ ನಿಂತುಹೋಗಿ ಬೆಳಗಿನಿಂದ ಸಂಜೆವರೆಗೆ ಒಂದೇ ಪಿಟೀಲು ಕುಯ್ಯುತ್ತಿತ್ತು. ಪತ್ರಿಕೆಯಲ್ಲಿ ಅರ್ಧ ಪುಟ ಅಚ್ಚಾಗದೆ ಬೆಳ್ಳಗೆ ಬರುತ್ತಿದ್ದುದರಿಂದ ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಚಿತ್ರ ಬರೆಯಲು ಕಾಗದದ ಚಿಂತೆ ಇರಲಿಲ್ಲ. ಗಲಾಟೆ ಶುರುವಾದ ದಿನ ಡಿಪೋ ಮ್ಯಾನೇಜರು ಡ್ರೈವರುಗಳನ್ನೆಲ್ಲ ಕರೆದು, "ಗೇಟ್ ಹತ್ರ ಜನ ಸೇರ್ತಿದಾರೆ. ಒಬ್ಬೊಬ್ರು ಒಂದೊಂದು ಬಸ್ಸು ತಗೊಂಡು ಹೋಗಿ ಎಲ್ಲಾದ್ರೂ ಭದ್ರವಾಗಿ ನಿಲ್ಸಿ. ನಾನು ಹೇಳೋವರೆಗೂ ಒಂದಡಿ ಅಲ್ಲಾಡಿಸ್ಬೇಡಿ. ಅಲ್ಲಾಡಿಸಿದವರ ಕೆಲ್ಸ ಹೋಯ್ತು ಅಂತ್ಲೇ ತಿಳ್ಕೊಳ್ಳಿ" ಎಂದರಂತೆ. ಉಳಿದವರು ಮೈದಾನ ನೋಡಿದರು, ಗೋದಾಮು ನೋಡಿದರು. ನಮ್ಮವರು ಸೀದಾ ಮನೆಗೆ ತಂದರು.

ನಮ್ಮ ಓಣಿಯಲ್ಲಿ ಕೈಗಾಡಿ ಬಂದರೇ ಜನ ಗೋಡೆಗೆ ಅಂಟಿಕೊಳ್ಳಬೇಕು. ಅಂಥದ್ದರಲ್ಲಿ ಈ ನಲವತ್ತೆರಡು ಸೀಟಿನ ಬಸ್ಸು ಅದು ಹೇಗೋ ಒಳಗೆ ತೂರಿ ನಮ್ಮ ಬಾಗಿಲ ಮುಂದೆ ನಿಂತಿತು. ಅದರ ಎಡಗನ್ನಡಿ ಅಡಿಗೆಮನೆಯ ಕಿಟಕಿಯೊಳಗೆ ಬಂದು ಒಲೆಯ ಪಕ್ಕ ಕೂತಿತು. ಮೊದಲ ದಿನ ನನ್ನ ಪಿತ್ತ ನೆತ್ತಿಗೇರಿತು. ಎರಡನೇ ದಿನದಿಂದ ಒಂದು ಕೈಯಲ್ಲಿ ಆಲೂಗಡ್ಡೆ ತಿರುವುತ್ತ, ಇನ್ನೊಂದು ಕೈಯಲ್ಲಿ ಅದೇ ಕನ್ನಡಿ ನೋಡಿಕೊಂಡು ತಲೆ ಬಾಚುತ್ತಿದ್ದೆ.

ನಮ್ಮದು ಎರಡು ಕೋಣೆ, ಒಂದು ಅಡಿಗೆಮನೆ, ಆರು ಜನ. ಕರೆಂಟಿಲ್ಲ, ಗಾಳಿಯಿಲ್ಲ. ವಾರ ಕಳೆಯುವಷ್ಟರಲ್ಲಿ ಸಂಸಾರವೆಲ್ಲ ಬಸ್ಸಿಗೆ ಸಾಗಿತು. ನಮ್ಮತ್ತೆ ಬಾಗಿಲ ಹಿಂದಿನ ಕಿಟಕಿ ಸೀಟು ಹಿಡಿದು, ಜಪ್ಪಯ್ಯ ಅಂದರೂ ಅಲ್ಲಿಂದ ಏಳಲಿಲ್ಲ. ಮಕ್ಕಳಿಗೆ ಹಿಂದಿನ ಉದ್ದ ಸೀಟು ಹಾಸಿಗೆಯಾಯಿತು. ಮೇಲಿನ ಕಂಬಿಗಳಿಗೆ ನಾನು ಬಟ್ಟೆ ಹರವಿದೆ. ಇವರು ಮಾತ್ರ ಡ್ರೈವರ್ ಸೀಟಿನಲ್ಲಿ ಕೂತು ಓಡದ ಬಸ್ಸಿನ ಸ್ಟೀರಿಂಗ್ ಒರೆಸಿದ್ದೇ ಒರೆಸಿದ್ದು.

ಆರನೆಯವಳು ನನ್ನ ನಾದಿನಿ, ಇವರ ತಂಗಿ. ಮಕ್ಕಳು ಅವಳನ್ನು ಅತ್ತೆ ಎನ್ನುತ್ತಿದ್ದವು, ನಾನು ಅವಳ ತಾಯಿಯನ್ನು ಅತ್ತೆ ಎನ್ನುತ್ತಿದ್ದೆ. "ಅತ್ತೇ" ಎಂದು ಯಾರು ಕೂಗಿದರೂ ಇಬ್ಬರೂ ಓಗೊಡುತ್ತಿದ್ದರು, ಕೆಲಸವಿದ್ದರೆ ಇಬ್ಬರೂ ಓಗೊಡುತ್ತಿರಲಿಲ್ಲ. ನಾದಿನಿ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರು. ವಯಸ್ಸು ನಲವತ್ತೊಂದು, ಕೊರಳಲ್ಲಿ ಸದಾ ಒಂದು ಸೀಟಿ. ಶಾಲೆ ಮುಚ್ಚಿದ ಮೇಲೆ ಕೈಕಾಲು ಕಟ್ಟಿಹಾಕಿದ ಹಾಗಾಗಿ, ಬೆಳಿಗ್ಗೆ ಆರಕ್ಕೆ ನಮ್ಮನ್ನೇ ಬಸ್ಸಿನ ಸೀಟುಗಳ ನಡುವೆ ಸಾಲಾಗಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ ಮಾಡಿಸುತ್ತಿದ್ದಳು. ಅತ್ತೆ ಕೂತಲ್ಲೇ ಒಂದು ಬೆರಳು ಎತ್ತಿ ಇಳಿಸುತ್ತಿದ್ದರು. ಅವರಿಗೆ ಅಷ್ಟಕ್ಕೇ ಮಾಫಿ.

ಇಂಥವಳು ಮದುವೆಗೆ ಒಪ್ಪಿದ್ದೇ ಒಂದು ತಮಾಷೆ. ಇವಳ ಕನ್ನಡಕ ಒಂದೇ ವರ್ಷದಲ್ಲಿ ಒಂಬತ್ತು ಸಲ ಸಡಿಲವಾಯಿತು. ಒಂಬತ್ತು ಸಲವೂ ಅದೇ ಅಂಗಡಿಗೆ ಹೋದಳು. ಅಂಗಡಿಯವರು ಬಡಕಲು ಮನುಷ್ಯ, ಎಂಥ ಸೆಕೆಯಲ್ಲೂ ಕೋಟು ಬಿಚ್ಚುವವರಲ್ಲ. ಒಂಬತ್ತನೇ ಸಲ ಅವರು ಸ್ಕ್ರೂ ತಿರುಗಿಸಿ ನೋಡಿ, "ಇದು ಗಟ್ಟಿಯಾಗೇ ಇದೆಯಲ್ಲ" ಅಂದರಂತೆ. "ಸಡಿಲ ಇದೆ ಅಂತ ನಾನೆಲ್ಲಿ ಹೇಳ್ದೆ" ಅಂದಳಂತೆ ಇವಳು. ಅಲ್ಲಿಗೆ ಮದುವೆ ನಿಶ್ಚಯವಾಯಿತು. ನಮ್ಮ ಮನೆಯಲ್ಲಿ ಅವರಿಗೆ ಕನ್ನಡಕದವರು ಎಂದೇ ಹೆಸರಾಯಿತು.

ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ. ಮೊದಲು ನೋಟಿಸು ಕೊಡಬೇಕು, ಕೊಟ್ಟ ಮೂರು ತಿಂಗಳ ಒಳಗೆ ಹೋಗಿ ಸಹಿ ಹಾಕಬೇಕು, ಇಲ್ಲದಿದ್ದರೆ ನೋಟಿಸು ಸತ್ತುಹೋಗುತ್ತದೆ. ಇವಳದು ಎರಡು ಸಲ ಸತ್ತಿತ್ತು. ಮೊದಲನೇ ಸಲ ನಮ್ಮ ಮಾವ ಹಾಸಿಗೆ ಹಿಡಿದರು. ಎರಡನೇ ಸಲ ನನಗೆ ಟೈಫಾಯ್ಡು. ಆಗ ನಾನು ಹೋಗಮ್ಮ ಹೋಗು ಎಂದು ಅಂಗಲಾಚಿದರೂ ಕೇಳದೆ ಆರು ವಾರ ನನಗೆ ಗಂಜಿ ಕುಡಿಸಿ, ನನ್ನ ಮಕ್ಕಳಿಗೆ ಜಡೆ ಹೆಣೆದು, ನನ್ನ ಹಣೆಯ ಒದ್ದೆ ಬಟ್ಟೆ ಬದಲಿಸುತ್ತ ಕೂತಳು. ಅದು ನನ್ನ ಎದೆಯಲ್ಲಿ ಮುಳ್ಳಿನಂತೆ ಇತ್ತು, ಸುಳ್ಳೇಕೆ ಹೇಳಲಿ.

ಮೂರನೇ ನೋಟಿಸಿನ ಕೊನೆಯ ದಿನ ಈ ಗಲಾಟೆಯ ನಟ್ಟನಡುವೆ ಬಂತು. ಅದಕ್ಕೆ ಒಂದು ವಾರವಿರುವಾಗ ನಾದಿನಿ ಬಟ್ಟೆ ಮಡಿಸುತ್ತ, "ಅತ್ತಿಗೆ, ಇದೂ ತಪ್ಪಿದ್ರೆ ಆ ಕಾಗದ ಹರಿದು ಒಲೆಗೆ ಹಾಕ್ತೀನಿ. ನಾಲ್ಕನೇ ಸಲ ಆ ಮನುಷ್ಯನ್ನ ಕಾಯಿಸೋ ಮುಖ ನನಗಿಲ್ಲ. ನಿಮ್ಮ ಮಕ್ಕಳಿಗೆ ಅತ್ತೆಯಾಗೇ ಇದ್ಬಿಡ್ತೀನಿ" ಎಂದಳು. ಅವಳು ಹೇಳಿದ್ದನ್ನು ಮಾಡುವವಳು.

ಕರ್ಫ್ಯೂ ಬಿಡುತ್ತಿದ್ದುದು ಹತ್ತರಿಂದ ಒಂದರವರೆಗೆ. ಆಫೀಸು ಮುಚ್ಚುತ್ತಿದ್ದುದು ಹನ್ನೆರಡೂವರೆಗೆ. ದೂರ ಹನ್ನೊಂದು ಕಿಲೋಮೀಟರು, ರಸ್ತೆಯಲ್ಲಿ ಒಂದು ಗಾಡಿಯಿಲ್ಲ. ಸಾಕ್ಷಿಗೆ ಮೂರು ಜನ ಬೇಕು. ನಾನು, ಇವರು, ಅತ್ತೆ ಎಂದು ನೋಟಿಸಿನಲ್ಲೇ ಬರೆದುಕೊಟ್ಟಾಗಿತ್ತು. ಅತ್ತೆಯ ಮಂಡಿ ಬಾಗಿಲಿನಿಂದ ಬಸ್ಸಿಗೆ ಬರುವುದೇ ಹೆಚ್ಚು. ಹಿಂದಿನ ದಿನ ಮೂಲೆಯ ಔಷಧಿ ಅಂಗಡಿಯ ಫೋನು ಅದೃಷ್ಟಕ್ಕೆ ಜೀವ ಹಿಡಿದಿತ್ತು. ನಾದಿನಿ ಕನ್ನಡಕದವರಿಗೆ, "ನೀವು ಹನ್ನೆರಡರ ಒಳಗೆ ಆಫೀಸಿಗೆ ಬಂದ್ಬಿಡಿ. ನಾವು ಹೇಗಾದ್ರೂ ಬರ್ತೀವಿ, ಅಣ್ಣ ಇದಾನೆ" ಎಂದಳು.

ಮರುದಿನ ಒಂಬತ್ತೂವರೆಗೆ ನೋಡುತ್ತೇನೆ, ಇವರು ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕೂತಿದ್ದಾರೆ.

"ಹತ್ತಿ ಎಲ್ರೂ" ಎಂದರು.

"ಅಣ್ಣ, ನಿನ್ನ ಕೆಲ್ಸಕ್ಕೆ ಕುತ್ತು ಬರತ್ತೆ" ಎಂದಳು ನಾದಿನಿ. "ನಾನು ನಡ್ಕೊಂಡು ಹೋಗ್ತೀನಿ."

"ಅಮ್ಮನ್ನ ಹೆಗಲ ಮೇಲೆ ಹೊತ್ಕೊಂಡಾ? ಸುಮ್ನೆ ಹತ್ತು. ಎಲ್ಲೂ ನಿಲ್ಸದೆ ಸೀದಾ ಹೋಗಿ, ಸೀದಾ ಬಂದ್ಬಿಡೋಣ."

ಕುತ್ತು ಬರದೆ ಇರಲಿಲ್ಲ. ಆಮೇಲೆ ಮೆಮೋ ಬಂತು, ಹದಿನೈದು ದಿನ ಸಸ್ಪೆಂಡಾದರು. ಆ ಹದಿನೈದು ದಿನ ಊರಿನ ಯಾವ ಡ್ರೈವರನೂ ಬಸ್ಸು ಓಡಿಸುತ್ತಿರಲಿಲ್ಲವಾದ್ದರಿಂದ ಅದು ಶಿಕ್ಷೆ ಎಂದು ಇವರಿಗೇ ಎರಡು ಸಲ ನೆನಪಿಸಬೇಕಾಯಿತು.

ನಲವತ್ತು ದಿನ ನಿಂತ ಬಸ್ಸಿನ ಬ್ಯಾಟರಿ ಸತ್ತಿತ್ತು. ಓಣಿಯವರೆಲ್ಲ ಬಂದು ತಳ್ಳಿದರು. ಬಸ್ಸು ಒಲೆಯ ಪಕ್ಕದಿಂದ ಕನ್ನಡಿ ಕಿತ್ತುಕೊಂಡು ಕೆಮ್ಮಿ, ಹೊಗೆ ಬಿಟ್ಟು, ಸ್ಟಾರ್ಟ್ ಆಯಿತು. ಇನ್ನು ಎಲ್ಲಿಯೂ ಎಂಜಿನ್ ಆಫ್ ಮಾಡುವ ಹಾಗಿಲ್ಲ, ಮಾಡಿದರೆ ಅಲ್ಲೇ ಗತಿ ಎಂದು ಇವರು ಹೇಳಿದರು. ಕಂಬಿಯ ಮೇಲೆ ಒಣಹಾಕಿದ್ದ ಬಟ್ಟೆ ತೆಗೆಯಲು ನನಗೆ ಪುರುಸೊತ್ತೇ ಸಿಗಲಿಲ್ಲ. ಮದುಮಗಳು ತಿಳಿನೀಲಿ ಹೊಸ ಸೀರೆಯುಟ್ಟು, ಅಭ್ಯಾಸಬಲದಿಂದ ಸೀಟಿಯನ್ನೂ ಕೊರಳಿಗೆ ಹಾಕಿಕೊಂಡು, ನನ್ನ ಲಂಗಗಳ ಸಾಲಿನ ಕೆಳಗೆ ಕೂತಳು.

ಮುಖ್ಯರಸ್ತೆಗೆ ಬಂದೆವು. ಮೊದಲ ಸ್ಟಾಪು ಬಂತು. ಇವರ ಕಾಲು ಬ್ರೇಕಿನ ಮೇಲೆ ಹೋಯಿತು, ಬಸ್ಸು ನಿಂತಿತು.

"ಏನ್ರೀ ಇದು" ಎಂದೆ.

"ಇಲ್ಲ, ಅದು..." ಎಂದು ಇವರು ಬಾಯಿ ತೆರೆಯುವಷ್ಟರಲ್ಲಿ ಒಬ್ಬರು ಆಲೂಗಡ್ಡೆ ಮೂಟೆ ಸಮೇತ ಹತ್ತಿ, "ಅಬ್ಬ, ಅಂತೂ ಬಂತಲ್ಲಪ್ಪ" ಎನ್ನುತ್ತ ಅತ್ತೆಯ ಹಿಂದೆ ಕೂತರು. ಅವರ ಹಿಂದೆ ಇಬ್ಬರು ನರ್ಸುಗಳು, ಅವರ ಹಿಂದೆ ಹಾಲಿನ ಕ್ಯಾನಿನ ಹೆಂಗಸು. ಕರ್ಫ್ಯೂ ಬಿಟ್ಟ ಮೂರು ಗಂಟೆಯಲ್ಲಿ ಊರೆಲ್ಲ ಚೀಲ ಹಿಡಿದು ನಡೆಯುತ್ತಿತ್ತು. ನಲವತ್ತು ದಿನದ ಮೇಲೆ ಹದಿನೇಳನೇ ನಂಬರ್ ಬಸ್ಸು ಸ್ಟಾಪಿನಲ್ಲಿ ಬಂದು ನಿಂತರೆ ಯಾರು ಬಿಡುತ್ತಾರೆ? ಇಳೀರಿ ಎನ್ನಲು ನಮಗೂ ನಾಲಗೆ ಹೊರಳಲಿಲ್ಲ.

"ಮುಂದಿನ ಸ್ಟಾಪಲ್ಲಿ ನಿಲ್ಸಲ್ಲ" ಎಂದು ಇವರು ಮಾತು ಕೊಟ್ಟರು. ನಿಲ್ಲಿಸಿದರು. ಮೂರನೆಯದರಲ್ಲಿ ನಾನು ಹಿಂದಿನಿಂದ ಅವರ ಭುಜ ಹಿಡಿದು ಕೂತಿದ್ದೆ, ಕಾಲು ಹಿಡಿಯಲಾಗುತ್ತದೆಯೇ? ಅಲ್ಲೂ ನಿಲ್ಲಿಸಿದರು. ಆ ಹೊತ್ತಿಗೆ ಬಾಗಿಲಲ್ಲಿ ನೂಕುನುಗ್ಗಲು. ನನ್ನ ಲಂಗದ ಹಿಂದೆ ಯಾರದೋ ಮುಖ, ಮಕ್ಕಳ ಹಾಸಿಗೆಯ ಮೇಲೆ ಯಾರದೋ ಕೋಳಿ. ನಾದಿನಿ ಇನ್ನು ತಡೆಯಲಾರದೆ ಎದ್ದು ನಿಂತು ಸೀಟಿ ಊದಿದಳು. ಬಸ್ಸೆಲ್ಲ ಗಪ್ಪಾಯಿತು.

"ಹತ್ತಿದವ್ರು ಒಳಗೆ ನಡೀರಿ. ಮೂಟೆ ಸೀಟಿನ ಕೆಳಗೆ. ಕೋಳಿ ತೊಡೆ ಮೇಲೆ. ಟಿಕೆಟ್ ಇಲ್ಲ, ಮಾತೂ ಬೇಡ. ರೈಟ್, ಅಣ್ಣ."

ಅಲ್ಲಿಂದ ಮದುಮಗಳೇ ಕಂಡಕ್ಟರು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಕಿಟಕಿಯ ಹೊರಗೆ ಮುಚ್ಚಿದ ಅಂಗಡಿಗಳು, ಸುಟ್ಟ ಟೈರಿನ ಕಪ್ಪು, ಗೋಡೆಯ ತುಂಬ ಘೋಷಣೆ. ಒಳಗೆ ಮಾತ್ರ ಎಲ್ಲರಿಗೂ ಏನೋ ಅಮಲು ಏರಿದ ಹಾಗಿತ್ತು. ಮನೆಯೊಳಗೇ ಕೂತು ಕೊಳೆತಿದ್ದ ಜನ ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಳಿ ಹಿಡಿಯುತ್ತಿದ್ದರು. ಅತ್ತೆ ಬಂದವರಿಗೆಲ್ಲ, "ಮಗಳ ಮದುವೆ, ಬನ್ನಿ ಬನ್ನಿ" ಎಂದು ಮನೆಬಾಗಿಲಲ್ಲಿ ನಿಂತ ಹಾಗೆ ಬರಮಾಡಿಕೊಳ್ಳುತ್ತಿದ್ದರು.

ಸೇತುವೆಯ ಹತ್ತಿರ ಅಡ್ಡಗಟ್ಟೆ. ಬಂದೂಕು ಹಿಡಿದ ಸೈನಿಕ ಕೈ ಅಡ್ಡ ಮಾಡಿದ. ಪರವಾನಗಿ ಕೇಳಿದರೆ ತೋರಿಸಲು ನಮ್ಮ ಹತ್ತಿರ ಮದುವೆಯ ನೋಟಿಸು ಬಿಟ್ಟು ಏನೂ ಇರಲಿಲ್ಲ. ಅವನು ಹತ್ತಿ ಬಂದು ಲಂಗ ನೋಡಿದ, ಕೋಳಿ ನೋಡಿದ, ಸೀಟಿ ಹಾಕಿಕೊಂಡ ಮದುಮಗಳನ್ನು ನೋಡಿದ.

"ಬಸ್ಸು ಶುರುವಾಯ್ತಾ?" ಎಂದ.

"ಶುರುವಾಗ್ದೆ ನೀನು ಈಗ ಎಲ್ಲಿ ಹತ್ತಿದೀಯಪ್ಪ?" ಎಂದರು ಅತ್ತೆ.

ಅವನು ದನಿ ತಗ್ಗಿಸಿ, "ಮಾರ್ಕೆಟ್ ಸರ್ಕಲ್ಲಲ್ಲಿ ನಿಲ್ಲತ್ತಾ? ನನ್ನ ಡ್ಯೂಟಿ ಏಳಕ್ಕೇ ಮುಗೀತು, ಕರ್ಕೊಂಡು ಹೋಗೋ ಗಾಡಿನೇ ಬರ್ಲಿಲ್ಲ" ಎಂದ. ನಾದಿನಿ ಮೂರನೇ ಸೀಟು ತೋರಿಸಿದಳು. ಅಲ್ಲಿ ಕಾಲೇಜು ಹುಡುಗಿಯೊಬ್ಬಳು ಕರಪತ್ರದ ಕಟ್ಟು ಹಿಡಿದು, ಮುಖ ಬಿಳುಚಿಕೊಂಡು ಕೂತಿದ್ದಳು. ಜಾಗ ಸಾಲದೆ ಆ ಕಟ್ಟನ್ನು ಸೈನಿಕನೇ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅವನನ್ನೇ ಬೈದು ಬರೆದಿದ್ದ ಕಾಗದಗಳು ಮಾರ್ಕೆಟ್ ಸರ್ಕಲ್ಲಿನ ಕಡೆಗೆ ಅವನ ಕಾವಲಿನಲ್ಲೇ ಸಾಗಿದವು.

ಈ ನಗೆಯಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ನರ್ಸಿನ ಗಡಿಯಾರ ನೋಡಿದರೆ ಹನ್ನೆರಡಾಗಿ ಏಳು ನಿಮಿಷ. ಇನ್ನೂ ಐದು ಸ್ಟಾಪು. ನಾದಿನಿಯ ಮುಖ ಇಳಿಯಿತು. ಅವಳು ಜನರ ನಡುವೆ ನುಗ್ಗಿ ಅಣ್ಣನ ಸೀಟಿನ ಹಿಂದೆ ಬಂದು ನಿಂತಳು.

"ಅಣ್ಣ, ಇನ್ನು ಎಲ್ಲೂ ನಿಲ್ಲಿಸ್ಬೇಡ. ನಿನ್ನ ದಮ್ಮಯ್ಯ."

ಅವಳು ಯಾರಿಗೂ ದಮ್ಮಯ್ಯ ಎಂದವಳಲ್ಲ. ಇವರು ಹಲ್ಲು ಕಚ್ಚಿದರು. ಸ್ಟಾಪಿನ ಕಂಬ ದೂರದಲ್ಲಿ ಕಾಣಿಸಿತು. ಇವರ ಕುತ್ತಿಗೆಯ ನರ ಉಬ್ಬಿತು, ಬಲಗಾಲು ನಡುಗಿತು, ಎಡಗೈಯಿಂದ ತೊಡೆಯನ್ನು ಅದುಮಿ ಹಿಡಿದರು. ಕಂಬ ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದೆ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹದಿನೇಳನೇ ನಂಬರ್ ಬಸ್ಸು ಒಂದು ಸ್ಟಾಪಿನಲ್ಲಿ ನಿಲ್ಲದೆ ಹೋಯಿತು. ಬಸ್ಸಿನ ಜನರೆಲ್ಲ ಚಪ್ಪಾಳೆ ತಟ್ಟಿದರು.

ಹಿಂದಿನ ಸೀಟಿನಿಂದ ನನ್ನ ದೊಡ್ಡ ಮಗಳು ಕೂಗಿದಳು. "ಅಮ್ಮಾ, ಸ್ಟಾಪಲ್ಲಿ ನಿಂತಿದ್ದೋರು ಓಡಿ ಬರ್ತಿದಾರೆ. ಕೋಟು ಹಾಕೊಂಡಿದಾರೆ."

ಆ ಸೆಕೆಯಲ್ಲಿ ಕೋಟು ಹಾಕುವವರು ಊರಿಗೆ ಒಬ್ಬರೇ. ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ಕನ್ನಡಕದವರು ಒಂದು ಕೈಯಲ್ಲಿ ಕನ್ನಡಕ, ಇನ್ನೊಂದು ಕೈಯಲ್ಲಿ ಕಾಗದದ ಲಕೋಟೆ ಹಿಡಿದು, ಕೋಟು ಹಾರಿಸಿಕೊಂಡು, ಬಸ್ಸು ಯಾವುದು ಮರ ಯಾವುದು ಗೊತ್ತಾಗದೆ ರಸ್ತೆಯ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡುತ್ತಿದ್ದರು. ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ ಊರ ಜನರನ್ನೆಲ್ಲ ಹತ್ತಿಸಿಕೊಂಡು, ಮದುಮಗನೊಬ್ಬನನ್ನೇ ಬಿಟ್ಟು ಬಂದಿದ್ದೆವು.

ನಾದಿನಿ ಊದಿದ ಸೀಟಿಗೆ ಕೋಳಿ ಹಾರಿ ಕಂಬಿಯ ಮೇಲೆ ಕೂತಿತು. ಬಸ್ಸು ಕಿರುಚಿ ನಿಂತಿತು. ಸೈನಿಕ ಬಾಗಿಲಿನಿಂದ ಬಗ್ಗಿ, ಓಡಿ ಬಂದ ಮದುಮಗನನ್ನು ಕಾಲರ್ ಹಿಡಿದು ಒಳಗೆ ಎಳೆದುಕೊಂಡ. ಅವರು ಕನ್ನಡಕ ಹಾಕಿಕೊಂಡು, ಎದುರಿಗೇ ಬಂದೂಕು ಕಂಡು, ಎರಡೂ ಕೈ ಮೇಲೆತ್ತಿ ನಿಂತರು. ಬಸ್ಸಿಗೆ ಬಸ್ಸೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

"ನೇರ ಆಫೀಸಿಗೆ ಬನ್ನಿ ಅಂದಿದ್ನಲ್ಲ, ಇಲ್ಯಾಕೆ ನಿಂತಿದ್ರಿ?" ಎಂದು ನಾದಿನಿ ರೇಗಿದಳು.

"ಅಣ್ಣ ಇದಾನೆ ಅಂದ್ಯಲ್ಲ" ಎಂದರು ಅವರು ಏದುಸಿರು ಬಿಡುತ್ತ. "ಅಣ್ಣ ಬರೋದು ಬಸ್ಸಲ್ಲಿ, ಬಸ್ಸು ನಿಲ್ಲೋದು ಸ್ಟಾಪಲ್ಲಿ. ಅದಕ್ಕೆ ಹತ್ತು ಗಂಟೆಯಿಂದ ನಿಂತಿದೀನಿ. ನಿಮ್ಮಣ್ಣ ಸ್ಟಾಪು ಬಿಟ್ಟು ಹೋಗ್ತಾರೆ ಅಂತ ನನಗೆ ಕನಸಲ್ಲೂ ಬರ್ಲಿಲ್ಲ."

ಇವರ ಕಿವಿ ಕೆಂಪಾಯಿತು. ಗೇರು ಹಾಕಿದರು. ಮಾರ್ಕೆಟ್ ಸರ್ಕಲ್ಲು ಬಂದಾಗಲೂ ನಿಲ್ಲಿಸಲಿಲ್ಲ. ಸೈನಿಕನೂ ಕೇಳಲಿಲ್ಲ, ಮದುವೆ ಮುಗಿಸಿಕೊಂಡೇ ಹೋಗುತ್ತೇನೆ ಎಂದ.

ಆಫೀಸು ತಲುಪಿದಾಗ ಹನ್ನೆರಡು ಇಪ್ಪತ್ತು. ಗುಮಾಸ್ತ ಆಗಲೇ ಬೀಗ ಹಿಡಿದು ನಿಂತಿದ್ದ, ನಾದಿನಿಯ ಸೀಟಿಗೆ ಬೆಚ್ಚಿ ಮತ್ತೆ ಬಾಗಿಲು ತೆರೆದ. ಗಂಡುಹೆಣ್ಣು ಸಹಿ ಹಾಕಿದರು. ನಾನು ಹಾಕಿದೆ. ಅತ್ತೆಯನ್ನು ಇಬ್ಬರು ನರ್ಸುಗಳು ಕೈಕುರ್ಚಿ ಮಾಡಿ ಹೊತ್ತು ತಂದರು, ಅವರೂ ಹಾಕಿದರು. ಮೂರನೇ ಸಾಕ್ಷಿ ಎಲ್ಲಿ ಎಂದ ಗುಮಾಸ್ತ. ಮೂರನೇ ಸಾಕ್ಷಿ ಡ್ರೈವರ್ ಸೀಟು ಬಿಟ್ಟು ಬರುವ ಹಾಗಿರಲಿಲ್ಲ. ಎಂಜಿನ್ ನಿಂತರೆ ಒಂದು ಹೊಡೆದು ಕರ್ಫ್ಯೂ ಬೀಳುವ ಮುಂಚೆ ಆ ನಲವತ್ತು ಜನ ಮನೆ ಸೇರುವುದು ಹೇಗೆ? ಗೊಣಗುತ್ತ ಗುಮಾಸ್ತನೇ ದೊಡ್ಡ ರಿಜಿಸ್ಟರನ್ನು ಹೊತ್ತು ತಂದು ಡ್ರೈವರ್ ಕಿಟಕಿಯಲ್ಲಿ ಕೊಟ್ಟ. ಇವರು ಅದನ್ನು ಸ್ಟೀರಿಂಗ್ ಮೇಲೆ ಬಿಡಿಸಿಟ್ಟುಕೊಂಡು, ಸಹಿ ಹಾಕುವ ಮುಂಚೆ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು. ವಧುವಿನ ವಿಳಾಸದಲ್ಲಿ ನಮ್ಮ ಓಣಿಯ ಹೆಸರು ಹೊಡೆದುಹಾಕಿ ಬೇರೆ ವಿಳಾಸ ಬರೆದಿತ್ತು.

"ಇದು ಯಾವ ಮನೆ?" ಎಂದು ಕೇಳಿದರು.

ನಾದಿನಿ ಕಿಟಕಿಯ ಕೆಳಗೆ ನಿಂತಿದ್ದಳು. "ಬಾಡಿಗೆಗೆ ಹಿಡಿದಿದೀವಿ. ಎರಡನೇ ಮಹಡಿ. ಅವರು ಹೋದ ವಾರವೇ ಸಾಮಾನು ಹಾಕಿದಾರೆ."

"ನನ್ನ ರೂಟಲ್ಲೇ ಇದೆಯಲ್ಲ."

"ನಿನ್ನ ರೂಟಲ್ಲೇ ಬೇಕು ಅಂತ ನಾಲ್ಕು ತಿಂಗಳು ಹುಡುಕ್ದೆ, ಅಣ್ಣ. ಕಿಟಕಿಗೆ ಸ್ಟಾಪು ಕಾಣತ್ತೆ. ದಿನಕ್ಕೆ ಎಂಟು ಸಲ ಬಂದು ನಿಲ್ತೀಯಲ್ಲ, ಒಂದ್ಸಲನಾದ್ರೂ ನೋಡ್ಬಹುದು ಅಂತ."

"ಯಾವ ಸ್ಟಾಪು?"

"ಇವರು ನಿಂತಿದ್ರೂ ನಿಲ್ಲಿಸ್ದೆ ಬಂದ್ಯಲ್ಲ, ಅದೇ."

ಇವರು ತಂಗಿಯ ಮುಖವನ್ನೇ ನೋಡುತ್ತ ಕೂತರು. ಕೈ ಮಾತ್ರ ತಾನಾಗಿ ಕೆಳಗೆ ಹೋಗಿ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆಯಿತು. ಅಷ್ಟು ಹೊತ್ತಿನ ಗುಡುಗುಡು ಒಮ್ಮೆಗೇ ನಿಂತು ಇಡೀ ರಸ್ತೆ ನಿಶ್ಶಬ್ದವಾಯಿತು. ಆಮೇಲೆ ಇವರು ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

ಆ ಪುಟದ ನಕಲು ನಮ್ಮ ಮನೆಯಲ್ಲಿದೆ. ಉಳಿದವರ ಸಹಿ ನೆಟ್ಟಗಿದೆ, ಇವರದು ಮಾತ್ರ ಅಂಕುಡೊಂಕಾಗಿ ಗೆರೆ ದಾಟಿ ಹೋಗಿದೆ. ಯಾರಾದರೂ ಕೇಳಿದರೆ ಇವರು, ಎಂಜಿನ್ ಅದುರುತ್ತಿತ್ತು, ಅದಕ್ಕೇ ಹಾಗಾಯಿತು ಎನ್ನುತ್ತಾರೆ. ನಾನೂ ಹೂಂ ಎನ್ನುತ್ತೇನೆ. ಆದರೆ ಅಲ್ಲಿಂದ ಹೊರಡುವಾಗ ಮದುಮಗಳು, ಮದುಮಗ, ಸೈನಿಕ, ಕಾಲೇಜು ಹುಡುಗಿ, ಗುಮಾಸ್ತ, ನಾನು, ಎಲ್ಲರೂ ಸೇರಿ ಆ ಬಸ್ಸನ್ನು ತಳ್ಳಬೇಕಾಯಿತು.